ಡಬ್ಬದ ಮೇಲಿನ ವ್ಯಾಟ್ ಎಷ್ಟು ದಿಟ? ಹೋಮ್ ಥಿಯೇಟರ್ ರಿಸೀವರ್ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಯಮಾಹಾ ಕಂಪನಿಯ ಆರ್‌ಎಕ್ಸ್-ವಿ385 ಎಂಬ 5.1 ರಿಸೀವರ್‌ನ (ಐದು ಸ್ಪೀಕರ್ ನಡೆಸಿ, ಬಾಸ್‌ನ ಸಬ್‌ವೂಫರ್ ಒಂದಕ್ಕೆ ಸಿಗ್ನಲ್ ಕೊಡುವ ಆಂಪ್ಲಿಫೈಯರ್) ವಿವರಪಟ್ಟಿ ತೆಗೆದು ನೋಡಿ. ಒಂದೇ ಯಂತ್ರ, ವ್ಯಾಟ್ ಅಂಕಿ ಮಾತ್ರ ಮೂರು: 70, 100, 135. ಮೂರೂ ಒಂದು ಚಾನೆಲ್‌ಗೆ (ಒಂದು ಸ್ಪೀಕರ್‌ನ ಪಾಲಿಗೆ) ಹೇಳಿದ್ದು, ಮೂರೂ 6 ಓಮ್ ಲೋಡಿಗೆ (ಓಮ್ ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ) ಹೇಳಿದ್ದು, ಮೂರರಲ್ಲಿ ಒಂದೂ ಸುಳ್ಳಲ್ಲ. ಎರಡು ಚಾನೆಲ್ ಒಟ್ಟಿಗೆ ದುಡಿಯುತ್ತ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೂ ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ) ಶೇ 0.09 ದಾಟದಂತೆ ಸಿಗುವುದು 70 ವ್ಯಾಟ್. ಒಂದೇ ಚಾನೆಲ್‌ಗೆ 1 ಕಿಲೋಹರ್ಟ್ಸ್‌ನ ಒಂದೇ ಸ್ವರ ಕೊಟ್ಟು, ಡಿಸ್ಟಾರ್ಷನ್ ಶೇ 0.9 ಆಗುವವರೆಗೆ ಬಿಟ್ಟರೆ 100. ಅದೇ ಚಾನೆಲನ್ನು ಶೇ 10 ಡಿಸ್ಟಾರ್ಷನ್ ಬರುವ ತನಕ ಹಿಂಡಿದರೆ 135. ಶೇ 10 ಅಂದರೆ ಅಲೆಯ ತಲೆ ಬೋಳಿಸಿದಂತೆ ಚಪ್ಪಟೆಯಾಗಿರುತ್ತದೆ; ಆ ಮಟ್ಟದಲ್ಲಿ ಯಾರೂ ಸಿನಿಮಾ ನೋಡಲಾರರು.

ಯಮಾಹಾ ಮೂರನ್ನೂ ಷರತ್ತಿನ ಸಮೇತ ಬರೆಯುತ್ತದೆ, ಅದು ಒಳ್ಳೆಯದೇ. ತೊಂದರೆ ಬರುವುದು ಅಂಗಡಿಯ ಚೀಟಿಯಲ್ಲಿ, ಆನ್‌ಲೈನ್ ಮಾರಾಟದ ಪುಟದಲ್ಲಿ. ಅಲ್ಲಿ ಷರತ್ತು ಉದುರಿಹೋಗಿ ದೊಡ್ಡ ಅಂಕಿಯೊಂದೇ ಉಳಿದಿರುತ್ತದೆ. ಒಂದು ಕಂಪನಿಯ 135ನ್ನು ಇನ್ನೊಂದು ಕಂಪನಿಯ 80ರ ಪಕ್ಕ ಇಟ್ಟು ಹೋಲಿಸಿದವರು 80ರ ಯಂತ್ರವನ್ನು ಬಿಟ್ಟು ಬರುತ್ತಾರೆ. ಆ 80 ವ್ಯಾಟ್ 8 ಓಮ್‌ಗೆ, ಎರಡು ಚಾನೆಲ್‌ಗೆ, ಪೂರ್ತಿ ಶ್ರುತಿವ್ಯಾಪ್ತಿಗೆ (20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್) ಹೇಳಿದ್ದಾದರೆ ಅದೇ ಹೆಚ್ಚು ಗಟ್ಟಿ ಯಂತ್ರ.

ಮೊದಲ ಹೆಜ್ಜೆ: ಅಂಕಿಯ ಪಕ್ಕದ ಸಣ್ಣ ಅಕ್ಷರ

ಯಾವುದೇ ವ್ಯಾಟ್ ಅಂಕಿಯ ಜೊತೆ ನಾಲ್ಕು ವಿಷಯ ಇರಬೇಕು. ಎಷ್ಟು ಚಾನೆಲ್ ಒಟ್ಟಿಗೆ ಓಡಿಸಿ ಅಳೆದರು, ಎಷ್ಟು ಓಮ್‌ಗೆ, ಯಾವ ಶ್ರುತಿಯಿಂದ ಯಾವ ಶ್ರುತಿವರೆಗೆ, ಎಷ್ಟು ಡಿಸ್ಟಾರ್ಷನ್‌ಗೆ. ಒಂದು ಇಲ್ಲದಿದ್ದರೂ ಆ ಅಂಕಿಯನ್ನು ಇನ್ನೊಂದರ ಜೊತೆ ತೂಗಲು ಬರುವುದಿಲ್ಲ.

ನಾಲ್ಕರಲ್ಲಿ ಹೆಚ್ಚು ಮೋಸ ಮಾಡುವುದು ಶ್ರುತಿ. 1 ಕಿಲೋಹರ್ಟ್ಸ್ ಒಂದೇ ಸ್ವರದಲ್ಲಿ ಅಳೆಯುವುದು ಆಂಪ್ಲಿಫೈಯರ್‌ಗೆ ಸುಲಭದ ಪರೀಕ್ಷೆ. 20 ಹರ್ಟ್ಸ್ ಬಾಸ್‌ನಲ್ಲಿ ಪವರ್ ಸಪ್ಲೈಯ ಕೆಪಾಸಿಟರ್ ಖಾಲಿಯಾಗುತ್ತ ಬರುತ್ತದೆ, 20 ಕಿಲೋಹರ್ಟ್ಸ್ ಹತ್ತಿರ ಡಿಸ್ಟಾರ್ಷನ್ ಏರುತ್ತದೆ. ಎರಡೂ ತುದಿಯಲ್ಲಿ ನಿಂತು ತೋರಿಸಿದ ಅಂಕಿಗೆ ಬೆಲೆ. ಆಮೇಲೆ ಓಮ್. ಅದೇ ಆಂಪ್ 8 ಓಮ್‌ಗಿಂತ 6 ಓಮ್‌ಗೆ ಹೆಚ್ಚು ವ್ಯಾಟ್ ತೋರಿಸುತ್ತದೆ, ಹಾಗಾಗಿ 6 ಓಮ್ ಅಂಕಿಯನ್ನು 8 ಓಮ್ ಅಂಕಿಗೆ ಎದುರಿಡಬೇಡಿ.

ಡೈನಾಮಿಕ್ ಪವರ್ ಎಂಬ ಸಾಲೂ ಕೆಲವೆಡೆ ಇರುತ್ತದೆ. ಅದನ್ನು ಅಳೆಯುವ ಪದ್ಧತಿಯಲ್ಲಿ ಸ್ವರ ಬರುವುದು 20 ಮಿಲಿಸೆಕೆಂಡ್ ಮಾತ್ರ, ಅಷ್ಟು ಹೊತ್ತು ಕೆಪಾಸಿಟರ್‌ನಲ್ಲಿ ಕೂಡಿಟ್ಟ ಶಕ್ತಿಯೇ ಸಾಕಾಗುತ್ತದೆ. ತಬಲಾ ಪೆಟ್ಟಿಗೆ, ಬಾಂಬ್ ಸಿಡಿತದ ಮೊದಲ ಕ್ಷಣಕ್ಕೆ ಇದು ಉಪಯುಕ್ತ ಮಾಹಿತಿ. ಆದರೆ ನಿರಂತರ ಪವರ್‌ಗೆ ಬದಲಿ ಅಲ್ಲ. ಪಿಎಂಪಿಒ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಅಂತ ಕಂಡರೆ ಮಾತ್ರ ಅಳೆಯುವ, ಹೋಲಿಸುವ ಗೋಜೇ ಬೇಡ. ಅದಕ್ಕೆ ಒಪ್ಪಿತವಾದ ಅಳತೆಯ ವಿಧಾನವೇ ಇಲ್ಲ, ಎಷ್ಟು ಸೊನ್ನೆ ಬೇಕೋ ಅಷ್ಟು ಸೇರಿಸಬಹುದು.

ಇಲ್ಲೊಂದು ಉಪಾಯ ಇದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಮನೆಬಳಕೆಯ ಆಂಪ್ಲಿಫೈಯರ್‌ಗಳ ವ್ಯಾಟ್ ಹೇಗೆ ಹೇಳಬೇಕು ಅಂತ ನಿಯಮ ಮಾಡಿತು. 2024ರ ತಿದ್ದುಪಡಿ ಇನ್ನೂ ಬಿಗಿ: 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಡಿಸ್ಟಾರ್ಷನ್ ಶೇ 1ರ ಒಳಗೆ. ಆ ನಿಯಮ ನಮ್ಮಲ್ಲಿ ಮಾರುವ ಪೆಟ್ಟಿಗೆಗೆ ಅನ್ವಯಿಸುವುದಿಲ್ಲ, ಆದರೆ ಅದೇ ಮಾಡೆಲ್ ಅಲ್ಲಿಯೂ ಮಾರಾಟಕ್ಕಿದ್ದರೆ ಕಂಪನಿಯ ಅಮೆರಿಕ ಪುಟದ ಅಂಕಿಯನ್ನು ನೋಡಿಕೊಳ್ಳಿ. ಇಲ್ಲಿನ ಪುಟದಲ್ಲಿ ಕಾಣುವುದಕ್ಕಿಂತ ಅದು ಚಿಕ್ಕದಿದ್ದರೆ ನಿಮ್ಮ ಲೆಕ್ಕಕ್ಕೆ ಆ ಚಿಕ್ಕದೇ ಇರಲಿ. ಅಂಕಿ ಅಲ್ಲಿಂದ ತನ್ನಿ, ಯಂತ್ರ ತರಬೇಡಿ. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ಇಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಿದರೆ ಆವತ್ತೇ ಕತೆ ಮುಗಿಯಿತು.

ಎರಡನೆಯದು: ವ್ಯಾಟ್ ಬಿಟ್ಟು ಡೆಸಿಬೆಲ್‌ನಲ್ಲಿ ಯೋಚಿಸಿ

ವ್ಯಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ. 3 ಡೆಸಿಬೆಲ್ ಏರುತ್ತದೆ, ಅಷ್ಟೇ. ಅದು ರಿಮೋಟ್‌ನ ವಾಲ್ಯೂಮ್ ಗುಂಡಿ ಕೆಲವು ಸಲ ಒತ್ತಿದಷ್ಟು. ಕಿವಿಗೆ ಸುಮಾರು ಎರಡರಷ್ಟು ಜೋರು ಅನ್ನಿಸಬೇಕಾದರೆ 10 ಡೆಸಿಬೆಲ್ ಬೇಕು, ಅಂದರೆ ಹತ್ತರಷ್ಟು ವ್ಯಾಟ್. ಮೇಲೆ ಹೇಳಿದ 70 ಮತ್ತು 135ರ ನಡುವಿನ ಅಂತರ 3 ಡೆಸಿಬೆಲ್‌ಗೂ ಒಂದಿಷ್ಟು ಕಡಿಮೆ. 80 ವ್ಯಾಟ್ ರಿಸೀವರ್‌ಗೂ 100 ವ್ಯಾಟ್ ರಿಸೀವರ್‌ಗೂ ಇರುವ ಅಂತರ 1 ಡೆಸಿಬೆಲ್. ಕುರ್ಚಿಯನ್ನು ಒಂದಡಿ ಮುಂದೆ ಎಳೆದುಕೊಂಡರೆ ಸಿಗುವಷ್ಟು. ಆ 20 ವ್ಯಾಟ್‌ಗಾಗಿ ಹತ್ತು ಸಾವಿರ ಜಾಸ್ತಿ ಕೊಡುವವರು ಆ ದುಡ್ಡು ಸ್ಪೀಕರ್‌ಗೆ ಹಾಕಿದ್ದರೆ ವಾಸಿ.

ಯಾಕೆಂದರೆ ಸ್ಪೀಕರ್‌ನ ಸೆನ್ಸಿಟಿವಿಟಿ ಇಲ್ಲಿ ವ್ಯಾಟ್‌ಗಿಂತ ದೊಡ್ಡ ಆಟಗಾರ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೊಡುತ್ತದೆ ಎಂಬ ಅಂಕಿ ಅದು. ಮನೆಬಳಕೆಯವು ಸಾಮಾನ್ಯವಾಗಿ 84ರಿಂದ 92ರ ಒಳಗೆ ಇರುತ್ತವೆ. 90 ಡೆಸಿಬೆಲ್ ಸ್ಪೀಕರ್ 50 ವ್ಯಾಟ್‌ನಲ್ಲಿ ಮಾಡುವ ಸದ್ದನ್ನು 85 ಡೆಸಿಬೆಲ್ ಸ್ಪೀಕರ್‌ನಿಂದ ಹೊರಡಿಸಲು ಸುಮಾರು 160 ವ್ಯಾಟ್ ಬೇಕು. ಇದರಲ್ಲೂ ಒಂದು ಕಣ್ಕಟ್ಟು ಇದೆ. ಎಷ್ಟೋ ಕಂಪನಿಗಳು 1 ವ್ಯಾಟ್ ಬದಲು 2.83 ವೋಲ್ಟ್ ಎಂದು ಬರೆಯುತ್ತವೆ. 8 ಓಮ್‌ಗೆ 2.83 ವೋಲ್ಟ್ ಅಂದರೆ ಸರಿಯಾಗಿ 1 ವ್ಯಾಟ್. 4 ಓಮ್‌ಗೆ ಅದೇ ವೋಲ್ಟೇಜ್ 2 ವ್ಯಾಟ್ ಆಗುತ್ತದೆ. ಹಾಗಾಗಿ 4 ಓಮ್ ಸ್ಪೀಕರ್‌ನ ಸೆನ್ಸಿಟಿವಿಟಿಯಿಂದ 3 ಕಳೆದು ಲೆಕ್ಕ ಹಿಡಿಯಿರಿ.

ಮೂರನೆಯದು: ನಿಮ್ಮ ಕೋಣೆಗೆ ಎಷ್ಟು ಬೇಕು

ಹತ್ತು-ಹನ್ನೆರಡು ಅಡಿ ಅಗಲ, ಹದಿನೈದು ಅಡಿ ಉದ್ದದ ಹಾಲ್, ಸೋಫಾದಿಂದ ಸ್ಪೀಕರ್‌ಗೆ 3 ಮೀಟರ್, ಸ್ಪೀಕರ್ 88 ಡೆಸಿಬೆಲ್ ಅಂತ ಇಟ್ಟುಕೊಳ್ಳಿ. ಬಯಲಿನಲ್ಲಾದರೆ 3 ಮೀಟರ್‌ಗೆ 9.5 ಡೆಸಿಬೆಲ್ ಕಳೆದುಹೋಗುತ್ತದೆ. ಕೋಣೆಯ ಗೋಡೆಗಳು ಒಂದಿಷ್ಟನ್ನು ವಾಪಸ್ ಕೊಡುವುದರಿಂದ ಒಟ್ಟು 6 ಡೆಸಿಬೆಲ್ ಇಳಿಯಿತು ಎಂದು ಹಿಡಿಯೋಣ. ಅಲ್ಲಿಗೆ 1 ವ್ಯಾಟ್‌ಗೆ ಸೋಫಾದಲ್ಲಿ 82 ಡೆಸಿಬೆಲ್.

ಸಿನಿಮಾ ಮಿಕ್ಸ್ ಮಾಡುವ ರೆಫರೆನ್ಸ್ ಮಟ್ಟದಲ್ಲಿ ಒಂದು ಮುಖ್ಯ ಚಾನೆಲ್‌ನ ಅತಿ ಎತ್ತರದ ಶಿಖರ 105 ಡೆಸಿಬೆಲ್. ರಿಸೀವರ್‌ನ ಆಟೋ ಸೆಟಪ್ ಮುಗಿಸಿದ ಮೇಲೆ ವಾಲ್ಯೂಮ್ 0 ಡೆಸಿಬೆಲ್‌ನಲ್ಲಿಟ್ಟರೆ ಹೆಚ್ಚುಕಮ್ಮಿ ಈ ಮಟ್ಟ. ಅಷ್ಟು ಬೇಕಾದರೆ 82ಕ್ಕೆ 23 ಸೇರಬೇಕು, ಅದಕ್ಕೆ 200 ವ್ಯಾಟ್. ಆದರೆ ಮನೆಯಲ್ಲಿ 0ಗೆ ಇಡುವವರು ತೀರಾ ಕಡಿಮೆ, ಅಪಾರ್ಟ್‌ಮೆಂಟಿನಲ್ಲಂತೂ ಹತ್ತು ನಿಮಿಷಕ್ಕೆ ಪಕ್ಕದವರು ಬೆಲ್ ಒತ್ತುತ್ತಾರೆ. ಮೈನಸ್ 10ರಲ್ಲಿ ನೋಡಿದರೆ ಶಿಖರ 95 ಡೆಸಿಬೆಲ್, ಬೇಕಾದದ್ದು 20 ವ್ಯಾಟ್. ಮೈನಸ್ 15ರಲ್ಲಿ 6 ವ್ಯಾಟ್ ಚಿಲ್ಲರೆ. ನಡುವೆ, 100 ಡೆಸಿಬೆಲ್ ಶಿಖರ ಬೇಕೆನ್ನುವ ಶೋಕಿದಾರರಿಗೆ 63. ಸಂಭಾಷಣೆಗೆ, ಹಿನ್ನೆಲೆ ಸಂಗೀತಕ್ಕೆ ಎಲ್ಲ ಹೊತ್ತಲ್ಲೂ ಹರಿಯುವುದು ಒಂದು ವ್ಯಾಟ್‌ನ ಆಸುಪಾಸು ಅಥವಾ ಅದಕ್ಕೂ ಕಡಿಮೆ.

ಲೆಕ್ಕದಲ್ಲಿ ಬಾಸ್ ಸೇರಿಲ್ಲ. ಸ್ವಂತ ಆಂಪ್ ಇರುವ ಸಬ್‌ವೂಫರ್ ಇದ್ದರೆ ರಿಸೀವರ್ ಅದಕ್ಕೆ ಬರೀ ಸಿಗ್ನಲ್ ಕಳಿಸುತ್ತದೆ. ಸ್ಪೀಕರ್‌ಗಳನ್ನು ಮೆನುವಿನಲ್ಲಿ ‘ಸ್ಮಾಲ್’ ಮಾಡಿ ಕ್ರಾಸ್‌ಓವರ್ (ಯಾವ ಶ್ರುತಿಯ ಕೆಳಗಿನದು ಸಬ್‌ಗೆ ಹೋಗಬೇಕೆಂಬ ಗಡಿ) 80 ಹರ್ಟ್ಸ್‌ಗೆ ಇಟ್ಟರೆ ಭಾರದ ಕೆಲಸವೆಲ್ಲ ಸಬ್ ಪಾಲಿಗೆ ಹೋಗುತ್ತದೆ. ಟವರ್ ಸ್ಪೀಕರ್ ಕೊಂಡವರು ‘ಸ್ಮಾಲ್’ ಎಂಬ ಪದ ಅವಮಾನ ಅಂದುಕೊಂಡು ‘ಲಾರ್ಜ್’ನಲ್ಲಿಟ್ಟು, ರಿಸೀವರ್‌ಗೆ ದಮ್ಮಿಲ್ಲ ಎಂದು ದೂರುವುದು ಬಹಳ ಸಾಮಾನ್ಯ.

ಈಗಿರುವ ಸೆಟ್‌ನಲ್ಲೇ ಅಳೆದು ನೋಡಿ

ಮನೆಯಲ್ಲಿ ಹಳೆಯ ಆಂಪ್ ಅಥವಾ ರಿಸೀವರ್ ಇದ್ದರೆ ಊಹೆ ಬೇಡವೇ ಬೇಡ. ಮುನ್ನೂರು ನಾಲ್ಕುನೂರು ರೂಪಾಯಿಯ ಮಲ್ಟಿಮೀಟರ್ ಸಾಕು.

1. ಮೈನಸ್ 12 ಡಿಬಿಎಫ್‌ಎಸ್ (ಡಿಜಿಟಲ್ ಫೈಲ್‌ನ ಗರಿಷ್ಠಕ್ಕಿಂತ 12 ಡೆಸಿಬೆಲ್ ಕೆಳಗೆ) ಮಟ್ಟದ 200 ಹರ್ಟ್ಸ್ ಸೈನ್ ಟೋನ್ ಫೈಲ್ ಮಾಡಿಕೊಳ್ಳಿ. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಟೋನ್ ಹುಟ್ಟಿಸುವಾಗ ಆಂಪ್ಲಿಟ್ಯೂಡ್ 0.25 ಕೊಟ್ಟರೆ ಅಷ್ಟೇ ಆಗುತ್ತದೆ. 200 ಹರ್ಟ್ಸ್ ಯಾಕೆಂದರೆ ಅಗ್ಗದ ಮೀಟರ್‌ಗಳು ಎಸಿ ವೋಲ್ಟೇಜನ್ನು ಸರಿಯಾಗಿ ತೋರಿಸುವುದು ಸುಮಾರು 400 ಹರ್ಟ್ಸ್‌ವರೆಗೆ ಮಾತ್ರ. 50 ಹರ್ಟ್ಸ್ ಕೊಟ್ಟರೆ ಕ್ರಾಸ್‌ಓವರ್ ಅದನ್ನು ಸಬ್‌ಗೆ ಕಳಿಸಿಬಿಡುತ್ತದೆ.

2. ನಿಮಗೆ ಇಷ್ಟವಾದ ಅಬ್ಬರದ ದೃಶ್ಯ ಹಾಕಿ, ಇದಕ್ಕಿಂತ ಜೋರು ಎಂದೂ ಕೇಳುವುದಿಲ್ಲ ಅನ್ನುವಷ್ಟು ವಾಲ್ಯೂಮ್ ಏರಿಸಿ. ಆ ಅಂಕಿ ಬರೆದಿಟ್ಟುಕೊಳ್ಳಿ.

3. ಪವರ್ ಆಫ್ ಮಾಡಿ, ಎಡ ಸ್ಪೀಕರ್‌ನ ವೈರ್ ಬಿಚ್ಚಿ. ಕೆಂಪು-ಕಪ್ಪು ಟರ್ಮಿನಲ್ ಒಂದಕ್ಕೊಂದು ತಾಗದಂತೆ ಎಚ್ಚರ. ತಾಗಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು. ಉಳಿದ ಸ್ಪೀಕರ್‌ಗಳನ್ನೂ ಬಿಚ್ಚಿಟ್ಟರೆ ಕಿವಿಗೆ ಕ್ಷೇಮ.

4. ಮತ್ತೆ ಆನ್ ಮಾಡಿ ಸ್ಟೀರಿಯೋ ಮೋಡ್‌ನಲ್ಲಿ, ಅದೇ ವಾಲ್ಯೂಮ್‌ನಲ್ಲಿ ಟೋನ್ ನುಡಿಸಿ. ಟರ್ಮಿನಲ್‌ಗೆ ಮೀಟರ್ ಹಿಡಿದು ಎಸಿ ವೋಲ್ಟ್ ಓದಿ.

5. ಬಂದ ಅಂಕಿಯನ್ನು 4ರಿಂದ ಗುಣಿಸಿ. 12 ಡೆಸಿಬೆಲ್ ಕೆಳಗೆ ಅಳೆದಿದ್ದರಿಂದ ಫೈಲ್‌ನ ಪೂರ್ತಿ ಮಟ್ಟಕ್ಕೆ ನಾಲ್ಕರಷ್ಟು ವೋಲ್ಟೇಜ್. ಅದನ್ನು ಅದರಿಂದಲೇ ಗುಣಿಸಿ, ಸ್ಪೀಕರ್‌ನ ಓಮ್‌ನಿಂದ ಭಾಗಿಸಿ.

ಮೀಟರ್ 2.1 ವೋಲ್ಟ್ ತೋರಿಸಿತು ಅನ್ನಿ. ನಾಲ್ಕರಿಂದ ಗುಣಿಸಿದರೆ 8.4, ಅದರ ವರ್ಗ 70.56, 8 ಓಮ್‌ನಿಂದ ಭಾಗಿಸಿದರೆ 8.8 ವ್ಯಾಟ್. ನಿಮ್ಮ ಅತಿ ಜೋರಿನ ಕೇಳ್ಮೆಗೆ ಒಂದು ಚಾನೆಲ್‌ಗೆ ಬೇಕಾದದ್ದು ಇಷ್ಟೇ. ಮೊದಲ ಸಲ ಅಳೆದವರು ಮೀಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಲೆಕ್ಕ 60-70 ದಾಟಿದರೆ ಮಾತ್ರ ದೊಡ್ಡ ರಿಸೀವರ್ ಅಥವಾ ಬೇರೆ ಪವರ್ ಆಂಪ್ ಕಡೆ ನೋಡುವ ಕಾರಣ ಇದೆ. ಹಾಗೆ ಮುಂದೊಂದು ದಿನ ಆಂಪ್ ಸೇರಿಸುವ ಯೋಚನೆ ಇದ್ದರೆ ಕೊಳ್ಳುವ ರಿಸೀವರ್‌ನಲ್ಲಿ ಮುಂದಿನ ಸ್ಪೀಕರ್‌ಗಳಿಗೆ ಪ್ರೀ-ಔಟ್ (ಬೇರೆ ಆಂಪ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಇರಬೇಕು. ಅಗ್ಗದವುಗಳಲ್ಲಿ ಸಬ್‌ವೂಫರ್‌ಗೆ ಬಿಟ್ಟು ಬೇರಾವುದಕ್ಕೂ ಇರುವುದಿಲ್ಲ, ಹಿಂಬದಿಯ ಫೋಟೋ ನೋಡಿಯೇ ಕೊಳ್ಳಿ.

ಎಲ್ಲ ಚಾನೆಲ್ ಒಟ್ಟಿಗೆ ಓಡಿದರೆ

‘7 ಚಾನೆಲ್, ಒಂದೊಂದಕ್ಕೆ 100 ವ್ಯಾಟ್’ ಅಂದರೆ 700 ವ್ಯಾಟ್ ಅಲ್ಲ. ಏಳಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್, ಒಂದೇ ಜೋಡಿ ದೊಡ್ಡ ಕೆಪಾಸಿಟರ್, ಒಂದೇ ಹೀಟ್‌ಸಿಂಕ್. ಎರಡು ಚಾನೆಲ್‌ನಲ್ಲಿ 90-100 ವ್ಯಾಟ್ ಕೊಡುವ ಮಧ್ಯಮ ದರದ ರಿಸೀವರ್ ಎಲ್ಲ ಚಾನೆಲ್ ಒಟ್ಟಿಗೆ ಓಡಿಸಿದರೆ 40ರಿಂದ 60ಕ್ಕೆ ಇಳಿಯುವುದು ಮಾಮೂಲು. ಕೆಲವುಗಳಲ್ಲಿ ಬಿಸಿ ತಡೆಯುವ ಸರ್ಕ್ಯೂಟ್ ಇನ್ನೂ ಮುಂಚೆಯೇ ಕತ್ತು ಹಿಸುಕುತ್ತದೆ.

ಇದನ್ನು ಕೇಳಿ ಗಾಬರಿಯಾಗುವ ಅಗತ್ಯ ಇಲ್ಲ. ಸಿನಿಮಾದಲ್ಲಿ ಏಳೂ ಚಾನೆಲ್ ಒಂದೇ ಕ್ಷಣಕ್ಕೆ ಶಿಖರ ಮುಟ್ಟುವುದು ಅಪರೂಪ, ಹಿಂದಿನ ಸ್ಪೀಕರ್‌ಗಳಿಗೆ ಹೆಚ್ಚಿನ ಹೊತ್ತು ಮಳೆ, ಗಾಳಿ, ಜನಜಂಗುಳಿಯ ಸದ್ದು ಬಿಟ್ಟರೆ ಕೆಲಸ ಇಲ್ಲ. ಆದರೂ ಎರಡು ರಿಸೀವರ್‌ಗಳ ನಡುವೆ ತೂಗುವಾಗ ಎಲ್ಲ ಚಾನೆಲ್‌ನ ಅಂಕಿ ಸಿಕ್ಕರೆ ಪವರ್ ಸಪ್ಲೈ ಎಷ್ಟು ಗಟ್ಟಿ ಎಂದು ಗೊತ್ತಾಗುತ್ತದೆ. ಸಿಗದಿದ್ದರೆ ತೂಕ ನೋಡಿ. ಕ್ಲಾಸ್ ಎಬಿ (ಹಳೆಯ ಪದ್ಧತಿಯ, ಹೆಚ್ಚು ಬಿಸಿಯಾಗುವ) ಯಂತ್ರದಲ್ಲಿ ಕಿಲೋ ಅಂದರೆ ಬಹುಪಾಲು ಟ್ರಾನ್ಸ್‌ಫಾರ್ಮರ್ ಮತ್ತು ಅಲ್ಯೂಮಿನಿಯಂ. ಒಂದೇ ದರ, ಒಂದೇ ಚಾನೆಲ್ ಸಂಖ್ಯೆ ಇದ್ದು ಒಂದು 8 ಕಿಲೋ, ಇನ್ನೊಂದು 10 ಕಿಲೋ ಆದರೆ ಎರಡನೆಯದಕ್ಕೆ ಒಲವು ತೋರಿ. ಕ್ಲಾಸ್ ಡಿ (ಸ್ವಿಚಿಂಗ್ ವಿಧಾನದ) ಆಂಪ್‌ಗೆ ಈ ತಕ್ಕಡಿ ನಡೆಯುವುದಿಲ್ಲ, ಅವು ಹಗುರವಾಗಿದ್ದೇ ಹೆಚ್ಚು ಕೊಡುತ್ತವೆ.

ಹಿಂಬದಿಯಲ್ಲಿ ಬರೆದ ವಿದ್ಯುತ್ ಬಳಕೆಯ ವ್ಯಾಟ್ ತೋರಿಸಿ ‘ಒಳಗೆ 400 ಹೋದರೆ ಹೊರಗೆ 700 ಹೇಗೆ ಬರುತ್ತದೆ’ ಎಂದು ವಾದಿಸುವವರಿದ್ದಾರೆ. ವಾದ ಅರ್ಧ ಸರಿ. ಆ ಬಳಕೆಯ ಅಂಕಿಯನ್ನು ಸಾಮಾನ್ಯವಾಗಿ ಪೂರ್ತಿ ಪವರ್‌ನಲ್ಲಿ ಅಳೆದಿರುವುದಿಲ್ಲ, ಎಂಟನೇ ಒಂದು ಭಾಗದಂಥ ಮಾಮೂಲಿ ಬಳಕೆಯ ಮಟ್ಟದಲ್ಲಿ ಅಳೆದಿರುತ್ತಾರೆ. ಹಾಗಾಗಿ ಅದು ಗರಿಷ್ಠ ಮಿತಿ ಅಲ್ಲ, ಒಂದು ಸುಳಿವು.

ಓಮ್ ವಿಷಯದಲ್ಲಿ ಎಡವುವ ಜಾಗಗಳು

ರಿಸೀವರ್ ಕೈಪಿಡಿಯಲ್ಲಿ ಕನಿಷ್ಠ 6 ಓಮ್ ಅಂತಿದ್ದರೆ 4 ಓಮ್ ಸ್ಪೀಕರ್ ಹಾಕಬೇಡಿ. ಕಡಿಮೆ ವಾಲ್ಯೂಮ್‌ನಲ್ಲಿ ನಡೆಯುತ್ತದೆ, ಹಬ್ಬದ ದಿನ ಜೋರು ಮಾಡಿದಾಗ ಪ್ರೊಟೆಕ್ಷನ್‌ಗೆ ಹೋಗಿ ಬಾಯಿ ಮುಚ್ಚುತ್ತದೆ. 8 ಓಮ್ ಸ್ಪೀಕರ್ ಕೂಡ ಎಲ್ಲ ಶ್ರುತಿಯಲ್ಲೂ 8 ಇರುವುದಿಲ್ಲ, ಒಂದೆರಡು ಕಡೆ ಕೆಳಗಿಳಿಯುತ್ತದೆ. ಕನಿಷ್ಠ ಇಂಪೀಡೆನ್ಸ್ (ಓಮ್) ಎಂದು ಕಂಪನಿ ಕೊಟ್ಟಿದ್ದರೆ ಅದನ್ನು ನೋಡಿ. ಅಡುಗೆಮನೆಗೂ ಒಂದು ಸ್ಪೀಕರ್ ಇರಲಿ ಎಂದು ಅದೇ ಟರ್ಮಿನಲ್‌ಗೆ ಇನ್ನೊಂದು 8 ಓಮ್ ಜೋಡಿಸಿದರೆ ಆಂಪ್‌ಗೆ ಕಾಣುವುದು 4 ಓಮ್.

ಕೆಲವು ರಿಸೀವರ್‌ಗಳ ಮೆನುವಿನಲ್ಲಿ ಓಮ್ ಆಯ್ಕೆ ಇರುತ್ತದೆ. ಅದನ್ನು ಇಳಿಸಿದರೆ ಯಂತ್ರಕ್ಕೆ ಹೊಸ ಬಲವೇನೂ ಬರುವುದಿಲ್ಲ. ಒಳಗಿನ ಸಪ್ಲೈ ವೋಲ್ಟೇಜ್ ತಗ್ಗುತ್ತದೆ, ಬಿಸಿಯೂ ತಗ್ಗುತ್ತದೆ, ಜೊತೆಗೆ ಸಿಗುವ ವ್ಯಾಟ್ ಕೂಡ.

‘1000 ವ್ಯಾಟ್’ ಸೆಟ್‌ಗಳೂ ಎಸ್‌ಪಿ ರೋಡ್ ಆಂಪ್‌ಗಳೂ

ಸ್ಪೀಕರ್ ಸಮೇತ ಒಂದೇ ಡಬ್ಬದಲ್ಲಿ ಬರುವ ಹೋಮ್ ಥಿಯೇಟರ್‌ನ 1000 ವ್ಯಾಟ್ ಎಂಬುದು ಸಬ್‌ವೂಫರ್ ಸೇರಿ ಎಲ್ಲ ಚಾನೆಲ್‌ಗಳ ಮೊತ್ತ. ಅದೂ ಸಾಮಾನ್ಯವಾಗಿ 3 ಓಮ್‌ನಂಥ ಸ್ಪೀಕರ್‌ಗೆ, ಶೇ 10 ಡಿಸ್ಟಾರ್ಷನ್‌ನಲ್ಲಿ, ಒಂದೊಂದೇ ಚಾನೆಲ್ ಅಳೆದು ಕೂಡಿದ್ದು. ಆ ಸ್ಪೀಕರ್‌ಗಳನ್ನು ನಾಳೆ ಒಳ್ಳೆಯ ರಿಸೀವರ್‌ಗೆ ಹಾಕೋಣವೆಂದರೆ ಓಮ್ ಹೊಂದುವುದಿಲ್ಲ. 

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಲ್ಲೋ ಊರಿನ ರಿಪೇರಿ ಅಂಗಡಿಯಲ್ಲೋ ಜೋಡಿಸಿದ 5.1 ಆಂಪ್ ಕೊಳ್ಳುವವರಿಗೆ ಒಂದು ಅನುಕೂಲ ಇದೆ: ಮುಚ್ಚಳ ತೆಗೆದು ಟ್ರಾನ್ಸ್‌ಫಾರ್ಮರ್ ಮೇಲಿನ ಬರಹ ಓದಬಹುದು. 12-0-12 ಅಂತಿದ್ದರೆ 12ನ್ನು 1.4ರಿಂದ ಗುಣಿಸಿ, ಡಯೋಡ್‌ಗೆ 1 ವೋಲ್ಟ್ ಬಿಡಿ. ಸಪ್ಲೈ ಸುಮಾರು 16 ವೋಲ್ಟ್. ಆಂಪ್‌ನ ಐಸಿ (ಚಿಪ್) ತನಗೆ 3 ವೋಲ್ಟ್ ಇಟ್ಟುಕೊಳ್ಳುತ್ತದೆ, ಉಳಿದದ್ದು 13. ಅದರ ವರ್ಗ 169, ಅದನ್ನು ಓಮ್‌ನ ಎರಡರಷ್ಟರಿಂದ ಭಾಗಿಸಿ. 8 ಓಮ್‌ಗೆ 10 ವ್ಯಾಟ್ ಚಿಲ್ಲರೆ, 4 ಓಮ್‌ಗೆ 21. ಮುಂಭಾಗದ ಸ್ಟಿಕರ್ ಏನೇ ಹೇಳಲಿ, ಆ ಟ್ರಾನ್ಸ್‌ಫಾರ್ಮರ್‌ನಿಂದ ಇದಕ್ಕಿಂತ ಹೆಚ್ಚು ಶುದ್ಧ ಸದ್ದು ಹೊರಡದು. 24-0-24 ಆದರೆ ಅದೇ ಲೆಕ್ಕಕ್ಕೆ 8 ಓಮ್‌ಗೆ 55 ಹತ್ತಿರ ಬರುತ್ತದೆ. ಆಮೇಲೆ ಆಂಪಿಯರ್ ನೋಡಿ. 24-0-24, 5 ಆಂಪಿಯರ್ ಅಂದರೆ 240 ವಿಎ (ವೋಲ್ಟ್-ಆಂಪಿಯರ್). ಎರಡು ಚಾನೆಲ್‌ಗೆ ಧಾರಾಳ, ಐದಕ್ಕೆ ಸಾಲದು.

ವೋಲ್ಟೇಜ್ ಮತ್ತು ಬಿಸಿಲು

ವಿವರಪಟ್ಟಿಯ ಅಂಕಿ ನಿಗದಿತ 230 ವೋಲ್ಟ್‌ನಲ್ಲಿ ಅಳೆದದ್ದು. ಹೆಚ್ಚಿನ ರಿಸೀವರ್‌ಗಳಲ್ಲಿ ಆಂಪ್‌ನ ಸಪ್ಲೈ ರೆಗ್ಯುಲೇಟ್ ಆಗಿರುವುದಿಲ್ಲ, ಲೈನ್ ಇಳಿದರೆ ಅದೂ ಇಳಿಯುತ್ತದೆ. ಸಂಜೆ ಹೊತ್ತು 200 ವೋಲ್ಟ್‌ಗೆ ಬೀಳುವ ಊರಲ್ಲಿ ಗರಿಷ್ಠ ಪವರ್ ಸುಮಾರು ಕಾಲು ಭಾಗ ಕಡಿಮೆ, 80 ಇದ್ದದ್ದು 60. ಡೆಸಿಬೆಲ್‌ನಲ್ಲಿ 1.2 ಅಷ್ಟೇ ಆದ್ದರಿಂದ ಅದಕ್ಕೆಂದೇ ಸ್ಟೆಬಿಲೈಸರ್ ಬೇಡ. ವೋಲ್ಟೇಜ್ 260 ದಾಟಿ ಏರುವ ಕಡೆ ಯಂತ್ರ ಉಳಿಸಿಕೊಳ್ಳಲು ಬೇಕು.

ಬಿಸಿ ಇದಕ್ಕಿಂತ ದೊಡ್ಡ ಕಾಟ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್-ಮೇನಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ ಟಿವಿ ಶೋಕೇಸಿನ ಮುಚ್ಚಿದ ಖಾನೆಯಲ್ಲಿ ರಿಸೀವರ್ ಇಟ್ಟರೆ ಅರ್ಧ ಸಿನಿಮಾಕ್ಕೆ ಥರ್ಮಲ್ ಪ್ರೊಟೆಕ್ಷನ್ ಬಂದು ಆಫ್ ಆಗುತ್ತದೆ. ಆಗ ಕೈಕೊಟ್ಟದ್ದು ವ್ಯಾಟ್ ಅಲ್ಲ, ಗಾಳಿ. ಮೇಲೆ ಕನಿಷ್ಠ ಒಂದು ಗೇಣು ಜಾಗ ಬಿಡಿ, ಸೆಟ್‌ಟಾಪ್ ಬಾಕ್ಸ್ ಅದರ ಬೆನ್ನ ಮೇಲೆ ಕೂರಿಸಬೇಡಿ.

ಕೊನೆಗೆ ಅಂಗಡಿಯಲ್ಲಿ

ಡೆಮೋ ಕೇಳುವಾಗ ನಿಮ್ಮದೇ ಪೆನ್‌ಡ್ರೈವ್ ಒಯ್ಯಿರಿ. ಎರಡು ರಿಸೀವರ್‌ಗಳನ್ನು ಹೋಲಿಸುವುದಾದರೆ ಸ್ಪೀಕರ್ ಒಂದೇ ಇರಲಿ, ಕುರ್ಚಿ ಒಂದೇ ಇರಲಿ. ಫೋನಿನ ಸೌಂಡ್ ಮೀಟರ್ ಆ್ಯಪ್ ತೆರೆದು, ಒಂದೇ ತುಣುಕಿಗೆ ಎರಡೂ ಒಂದೇ ಡೆಸಿಬೆಲ್ ತೋರಿಸುವಂತೆ ವಾಲ್ಯೂಮ್ ಹೊಂದಿಸಿಕೊಳ್ಳಿ. ಆ್ಯಪ್‌ನ ಅಂಕಿ ಕರಾರುವಾಕ್ಕಾಗಿ ಸರಿ ಇರಬೇಕಿಲ್ಲ, ಎರಡಕ್ಕೂ ಒಂದೇ ಬಂದರೆ ಸಾಕು. 1 ಡೆಸಿಬೆಲ್ ಜೋರಾಗಿರುವುದು ಕಿವಿಗೆ ಯಾವಾಗಲೂ ‘ಇದೇ ಚೆನ್ನಾಗಿದೆ’ ಅನ್ನಿಸುತ್ತದೆ, ಮತ್ತು ವಾಲ್ಯೂಮ್ ಗುಂಡಿ ಸಾಮಾನ್ಯವಾಗಿ ಮಾರುವವರ ಕೈಯಲ್ಲಿರುತ್ತದೆ. ಹೊಂದಿಸಿದ ಮೇಲೆ ಎರಡನ್ನೂ ನಿಮ್ಮ ಮನೆಯ ಅತಿ ಜೋರಿನ ಮಟ್ಟಕ್ಕೆ ಏರಿಸಿ ಹತ್ತು ನಿಮಿಷ ಬಿಡಿ. ಹೆಂಗಸರ ದನಿ, ಜಾಗಟೆ, ಗಾಜು ಒಡೆಯುವ ಸದ್ದು ಕಿವಿಗೆ ಚುಚ್ಚತೊಡಗಿದರೆ ಆಂಪ್ ಕ್ಲಿಪ್ ಆಗುತ್ತಿರಬಹುದು, ಅಂದರೆ ಮಿತಿ ಮೀರಿ ಅಲೆಯ ತಲೆ ಬೋಳಾಗುತ್ತಿರಬಹುದು. ಹಾಗೆಯೇ ಬಿಟ್ಟರೆ ಮೊದಲು ಸುಡುವುದು ಟ್ವೀಟರ್. ಸಂಶಯ ಬಂದರೆ ವಾಲ್ಯೂಮ್ 5 ಡೆಸಿಬೆಲ್ ಇಳಿಸಿ ಮತ್ತೆ ಕೇಳಿ. ಚುಚ್ಚುವುದು ನಿಂತರೆ ಆ ರಿಸೀವರ್ ನಿಮ್ಮ ಮಟ್ಟಕ್ಕೆ ಸಾಲುತ್ತಿಲ್ಲ. ಇಳಿಸಿದ ಮೇಲೂ ಚುಚ್ಚುತ್ತಿದ್ದರೆ ತಪ್ಪು ಸ್ಪೀಕರ್‌ನದು, ಎಷ್ಟು ವ್ಯಾಟ್ ಸುರಿದರೂ ಅದು ಸರಿಹೋಗುವುದಿಲ್ಲ.